ತಿದ್ದುವಾಗ ಪದೇ ಪದೇ ಬರುವ ಪದಗಳು: ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ (ಕರಡುಪ್ರತಿ):

ಬೇರೆ ಬೇರೆ ಕಾಲದಲ್ಲಿ ಬರೆದ ಕಥೆಗಳನ್ನು ಸಂಕಲನಕ್ಕೆಂದು ಒಟ್ಟುಗೂಡಿಸಿ ತಿದ್ದುತ್ತಿದ್ದೇನೆ. ಒಂದೊಂದನ್ನೇ ಓದುವಾಗ ಕಣ್ಣಿಗೆ ಬೀಳದ ಸಂಗತಿ ಎಲ್ಲವನ್ನೂ ಸಾಲಾಗಿ ಓದಿದಾಗ ಎದ್ದು ಕಾಣುತ್ತಿದೆ. ಕಥೆ ಯಾವುದೇ ಇರಲಿ, ಪಾತ್ರ ಯಾರೇ ಇರಲಿ, ಕೆಲವು ಪದಗಳು ಪುಟಪುಟಕ್ಕೂ ಹಾಜರಾಗುತ್ತವೆ: 'ಒಂದು', 'ತನ್ನ', 'ಒಂದು ರೀತಿಯ', 'ಎಲ್ಲೋ ಒಂದು ಕಡೆ', 'ನಿಧಾನವಾಗಿ', 'ಮೌನವಾಗಿ', ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುವ 'ಬಿಟ್ಟ' ಮತ್ತು 'ಕೊಂಡ'. ಇದು ಸಾಲದೆಂಬಂತೆ ನನ್ನ ಪಾತ್ರಗಳೆಲ್ಲ ಮಾತಿನ ನಡುವೆ ನಿಟ್ಟುಸಿರು ಬಿಡುತ್ತವೆ, ಇಲ್ಲವೇ ತಲೆಯಾಡಿಸುತ್ತವೆ.

ಬರವಣಿಗೆಯ ಕೈಪಿಡಿಗಳಲ್ಲಿ ಸಿಗುವ ಸಲಹೆಗಳು ಬಹುಮಟ್ಟಿಗೆ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. 'ವೆರಿ', 'ಜಸ್ಟ್', 'ರಿಯಲಿ' ಮುಂತಾದವುಗಳ ಪಟ್ಟಿ ಮಾಡಿಕೊಳ್ಳಿ, ಒಂದೊಂದನ್ನೇ ಹುಡುಕಿ ಅಳಿಸಿ ಎನ್ನುತ್ತವೆ. ಕನ್ನಡದಲ್ಲಿ ಹಾಗೆ ಮಾಡಹೊರಟರೆ ಕೆಲವೆಡೆ ವಾಕ್ಯ ಹಗುರಾಗುತ್ತದೆ, ಕೆಲವೆಡೆ ಕುಂಟುತ್ತದೆ, ಇನ್ನು ಕೆಲವೆಡೆ ಅರ್ಥವೇ ಬದಲಾಗುತ್ತದೆ. ಉದಾಹರಣೆಗೆ ಈ ಭಾಗವನ್ನು ನೋಡಿ:

"ಆ ಒಂದು ಸಂಜೆ ಅವನು ತನ್ನ ಕೈಯಲ್ಲಿದ್ದ ಒಂದು ಚೀಲವನ್ನು ನಿಧಾನವಾಗಿ ಕೆಳಗೆ ಇಟ್ಟು ಒಂದು ಕ್ಷಣ ಮೌನವಾಗಿ ನಿಂತುಬಿಟ್ಟ. ಅವನ ಮನಸ್ಸಿನಲ್ಲಿ ಎಲ್ಲೋ ಒಂದು ಕಡೆ ಒಂದು ರೀತಿಯ ಭಯ ಆವರಿಸಿಕೊಂಡುಬಿಟ್ಟಿತ್ತು. ಅವನು ತನ್ನ ತಂದೆಯ ಕಡೆಗೆ ಒಮ್ಮೆ ನೋಡಿ ಮತ್ತೆ ತನ್ನ ತಲೆಯನ್ನು ತಗ್ಗಿಸಿಕೊಂಡ."

ಇದನ್ನು ನೀವು ಹೇಗೆ ತಿದ್ದುತ್ತೀರಿ? ಪುನರಾವರ್ತನೆಯನ್ನು ತಪ್ಪಿಸಲು ಸಮಾನಾರ್ಥಕ ಪದಗಳನ್ನು ಬಳಸುವುದು ಸರಿಯಾದ ದಾರಿಯೇ?

ಉತ್ತರ (ಅಚ್ಚಿನಮನೆ):

ನೀವು ಕೊಟ್ಟ ಭಾಗವನ್ನೇ ಹಿಡಿದು ಮಾತಾಡುವುದು ಮೇಲು. ಪಟ್ಟಿ ಮಾಡಿ ಅಳಿಸುವ ವಿಧಾನ ಕನ್ನಡದಲ್ಲಿ ಅರ್ಧ ದಾರಿಯವರೆಗೆ ಮಾತ್ರ ಕೈಹಿಡಿಯುತ್ತದೆ. ನಮ್ಮಲ್ಲಿ ಅತಿಯಾಗಿ ಬಳಕೆಯಾಗುವ ಪದಗಳಲ್ಲಿ ಬಹುಪಾಲು ವಾಕ್ಯದ ಕೀಲುಗಳಿದ್ದಂತೆ. ಅವುಗಳನ್ನು ಕಿತ್ತ ಮೇಲೆ ಉಳಿದದ್ದನ್ನು ಮತ್ತೆ ಜೋಡಿಸದೆ ಬೇರೆ ದಾರಿಯಿಲ್ಲ.

ಮೊದಲು 'ಒಂದು'. ಇದು ಇಂಗ್ಲಿಷಿನಿಂದ ಬಂದ ಚಾಳಿ ಎಂದು ಎಲ್ಲರೂ ದೂರುವುದುಂಟು, ಆದರೆ ಆ ದೂರು ಪೂರ್ತಿ ನ್ಯಾಯವಾದದ್ದಲ್ಲ. 'ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ' ಎಂದು ಅಜ್ಜಿಯರು ಕಥೆ ಶುರುಮಾಡುವಾಗ ಆ 'ಒಂದು', 'ಒಬ್ಬ' ಎರಡಕ್ಕೂ ಕೆಲಸವಿದೆ. ಊರೂ ರಾಜನೂ ಕೇಳುವವರಿಗೆ ಹೊಸಬರು, ಮುಂದಿನ ಕಥೆಯೆಲ್ಲ ಅವರ ಸುತ್ತಲೇ ನಡೆಯಲಿದೆ, ಆದ್ದರಿಂದ ಅವರನ್ನು ಗುರುತಿಟ್ಟುಕೊಳ್ಳಿ ಎಂದು ಆ ಪದಗಳು ಹೇಳುತ್ತವೆ. ನಿಮ್ಮ ಚೀಲ ಕಥೆಯಲ್ಲಿ ಮುಂದೆ ಬರುತ್ತದೆಯೇ? ಅದರೊಳಗೆ ಹಣವೋ ಪತ್ರವೋ ಇದ್ದು, ತಂದೆ ಅದನ್ನು ಬಿಚ್ಚುವುದಾದರೆ 'ಒಂದು ಚೀಲ' ಎಂದೇ ಇರಲಿ, ಅಥವಾ 'ಚೀಲವೊಂದು' ಎಂದಾಗಲಿ. ಪೇಟೆಯಿಂದ ಬಂದವನ ಕೈಯಲ್ಲಿ ಇರಲೇಬೇಕಾದ ಬರಿಯ ಚೀಲವಾದರೆ ಅದಕ್ಕೆ ಆ ಮರ್ಯಾದೆ ಬೇಡ. ಇನ್ನು 'ಆ ಒಂದು ಸಂಜೆ' ಎಂಬುದು ವೇದಿಕೆಯ ಭಾಷಣದಿಂದಲೂ ಟಿವಿ ನಿರೂಪಣೆಯಿಂದಲೂ ಬರವಣಿಗೆಗೆ ನುಸುಳಿದ ರೂಢಿ. 'ಈ ಒಂದು ಸಂದರ್ಭದಲ್ಲಿ', 'ಆ ಒಂದು ವಿಚಾರವನ್ನು' ಎನ್ನುವಾಗ ಮಾತಾಡುವವನಿಗೆ ಮುಂದಿನ ಪದವನ್ನು ಹುಡುಕಿಕೊಳ್ಳಲು ಗಳಿಗೆ ಬಿಡುವು ಸಿಗುತ್ತದೆ. ಬರೆಯುವವನಿಗೆ ಬೇಕಾದಷ್ಟು ಬಿಡುವು ಇದ್ದೇ ಇರುತ್ತದೆ. 'ಆ' ಎಂದು ಬೆರಳು ತೋರಿಸಿದ ಮೇಲೆ 'ಒಂದು' ಎನ್ನಲು ಏನೂ ಉಳಿಯುವುದಿಲ್ಲ.

'ಅವನು', 'ತನ್ನ' ಇವೆರಡನ್ನೂ ಹೆಚ್ಚಿನ ಕಡೆ ಕಣ್ಣುಮುಚ್ಚಿ ತೆಗೆಯಬಹುದು, ಏಕೆಂದರೆ 'ನಿಂತ' ಎಂಬ ಕ್ರಿಯಾಪದವೇ ಗಂಡಸು, ಒಬ್ಬ, ಎದುರಿಗಿಲ್ಲದವನು ಎಂಬ ಮೂರನ್ನೂ ಹೇಳಿ ಮುಗಿಸಿರುತ್ತದೆ. 'ನಿಂತರು' ಎಂದಾಗ ಮಾತ್ರ ಸ್ವಲ್ಪ ಎಚ್ಚರ ಬೇಕು. ಅದು ಗೌರವದ ಏಕವಚನವೂ ಆಗಬಹುದು, ಬಹುವಚನವೂ ಆಗಬಹುದು, ಹೆಣ್ಣೂ ಇರಬಹುದು, ಗಂಡೂ ಇರಬಹುದು. 'ತನ್ನ' ಎಂಬುದಕ್ಕೆ ನಿಜವಾದ ಕೆಲಸ ಸಿಗುವುದು ದೃಶ್ಯದಲ್ಲಿ ಇಬ್ಬರಿದ್ದಾಗ. 'ಅವನು ತನ್ನ ಚೀಲ ಎತ್ತಿಕೊಂಡ' ಎಂಬುದಕ್ಕೂ 'ಅವನು ಅವನ ಚೀಲ ಎತ್ತಿಕೊಂಡ' ಎಂಬುದಕ್ಕೂ ಇರುವ ವ್ಯತ್ಯಾಸದ ಮೇಲೆ ಇಡೀ ಕಥೆ ನಿಲ್ಲಬಹುದು. ಆದರೆ ತಗ್ಗಿಸಿದ ತಲೆ ಅವನದೇ ಎಂದು ಯಾರೂ ಹೇಳಬೇಕಾಗಿಲ್ಲ. ಅಲ್ಲಿ 'ತಲೆಯನ್ನು' ಎಂಬ ದ್ವಿತೀಯಾ ವಿಭಕ್ತಿಯೂ ಬೇಡ. 'ತಲೆ ತಗ್ಗಿಸಿದ' ಎಂದರೆ ಸಾಕು.

ಈಗ ನಿಮಗೆ ತಲೆನೋವು ಕೊಟ್ಟಿರುವ 'ಬಿಟ್ಟ' ಮತ್ತು 'ಕೊಂಡ'. ಇವುಗಳನ್ನು ಮಾತ್ರ ಸಾರಾಸಗಟಾಗಿ ಅಳಿಸಬೇಡಿ. 'ಬಾಗಿಲು ಹಾಕಿದಳು' ಎಂದರೆ ಬಾಗಿಲು ಮುಚ್ಚಿತು, ಅಷ್ಟೇ. ಅವಳು ಒಳಗಿದ್ದಾಳೋ ಹೊರಗಿದ್ದಾಳೋ ತಿಳಿಯದು. 'ಬಾಗಿಲು ಹಾಕಿಕೊಂಡಳು' ಎಂದರೆ ಅವಳು ಒಳಗಿದ್ದಾಳೆ, ಉಳಿದವರೆಲ್ಲ ಹೊರಗಿದ್ದಾರೆ. 'ಬಾಗಿಲು ಹಾಕಿಬಿಟ್ಟಳು' ಎಂದರೆ ಯಾರೋ ಒಳಗೆ ಬರಬಹುದೆಂದು ನಿರೀಕ್ಷಿಸುತ್ತಿದ್ದರು, ಇನ್ನು ಆ ಮಾತಿಲ್ಲ. ಇಷ್ಟನ್ನು ಎರಡು ಅಕ್ಷರಗಳಲ್ಲಿ ಹೇಳಿಬಿಡುವ ಭಾಷೆಯಲ್ಲಿ ಬರೆಯುತ್ತಾ ಆ ಅಕ್ಷರಗಳನ್ನು ಎಲ್ಲೆಂದರಲ್ಲಿ ಚೆಲ್ಲಿದರೆ ನಷ್ಟ ನಮಗೇ. ಪ್ರತಿಯೊಂದು ಕ್ರಿಯಾಪದವೂ 'ಬಿಟ್ಟ' ಎಂದು ಮುಗಿಯುತ್ತಿದ್ದರೆ, ನಿಜವಾಗಿ ಕೈಮೀರಿದ ಕ್ಷಣ ಬಂದಾಗ ಓದುಗನಿಗೆ ಅದು ಗೊತ್ತಾಗುವುದೇ ಇಲ್ಲ. ಹಾಗಾಗಿ ಒಂದು ದೃಶ್ಯಕ್ಕೆ ಒಂದು 'ಬಿಟ್ಟ' ಸಾಕು ಎಂದಿಟ್ಟುಕೊಂಡು, ಅದು ಯಾವ ಕ್ರಿಯೆಗೆ ಸಲ್ಲಬೇಕು ಎಂದು ಯೋಚಿಸಿ.

'ಒಂದು ರೀತಿಯ ಭಯ' ಎಂಬಲ್ಲಿ ತೊಂದರೆ ಪದದ್ದಲ್ಲ. ಯಾವ ರೀತಿಯ ಭಯವೆಂದು ಲೇಖಕರು ಇನ್ನೂ ತೀರ್ಮಾನಿಸಿಲ್ಲ. ಮೊದಲ ಕರಡಿನಲ್ಲಿ ಅದು ತಪ್ಪೇನಲ್ಲ, ಆಮೇಲೆ ನೋಡೋಣವೆಂದು ಜಾಗ ಹಿಡಿದಿಟ್ಟ ಹಾಗೆ. ತಿದ್ದುವಾಗ ಆ ಜಾಗ ತುಂಬಬೇಕು. ನನ್ನ ಊಹೆಯಿಂದ ತುಂಬಿ ತೋರಿಸುತ್ತೇನೆ, ನಿಮ್ಮ ಕಥೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ:

"ಆ ಸಂಜೆ ಚೀಲ ಕೆಳಗಿಟ್ಟು ನಿಂತುಬಿಟ್ಟ. ತಂದೆ ಕಾಲೇಜಿನ ವಿಷಯ ಎತ್ತುತ್ತಾರೇನೋ ಎಂಬ ಭಯ. ಅವರತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ."

'ನಿಂತುಬಿಟ್ಟ' ಎಂಬುದನ್ನು ಬೇಕೆಂದೇ ಉಳಿಸಿದ್ದೇನೆ. ಅದು ಉಳಿದದ್ದರಿಂದ 'ಒಂದು ಕ್ಷಣ', 'ಮೌನವಾಗಿ' ಎರಡೂ ಬೇಡವಾದವು. ಮುಂದೆ ಹೆಜ್ಜೆಯಿಡಲು ಆಗಲಿಲ್ಲ, ಮಾತೂ ಹೊರಡಲಿಲ್ಲ ಎಂಬುದು ಆ 'ಬಿಟ್ಟ'ದೊಳಗೇ ಇದೆ. 'ಆವರಿಸಿಕೊಂಡುಬಿಟ್ಟಿತ್ತು' ಎಂಬ ಮೂರಂತಸ್ತಿನ ಕ್ರಿಯಾಪದ ಹೋದದ್ದಕ್ಕೆ ಯಾರೂ ಅಳುವುದಿಲ್ಲ ಎಂದುಕೊಂಡಿದ್ದೇನೆ.

ನಿಟ್ಟುಸಿರು, ತಲೆಯಾಡಿಸುವಿಕೆ, ಮುಗುಳುನಗೆ ಇವೆಲ್ಲ ಸಂಭಾಷಣೆಯ ಸಾಲುಗಳ ನಡುವೆ ಯಾರು ಮಾತಾಡಿದರೆಂದು ತಿಳಿಸಲು ಬರೆಯುವವರು ಹಾಕುವ ಗೂಟಗಳು. ಯಾರ ಮಾತೆಂದು ಮಾತಿನ ಧಾಟಿಯಿಂದಲೇ ಗೊತ್ತಾಗುವಂತಿದ್ದರೆ ತೆಗೆದುಹಾಕಿ, ಇಲ್ಲದಿದ್ದರೆ 'ಎಂದ' ಎಂದು ಬರೆಯಿರಿ.

ಉತ್ತರ (ಟಿಪ್ಪಣಿಕಾರ):

ನಾನು ತಿದ್ದುವುದು ಹೆಚ್ಚಾಗಿ ಲೇಖನಗಳನ್ನು ಮತ್ತು ಸಂಘಗಳ ವಾರ್ಷಿಕ ವರದಿಗಳನ್ನು. ಅಲ್ಲಿನ ಪಟ್ಟಿಯೇ ಬೇರೆ: 'ನಿಟ್ಟಿನಲ್ಲಿ', 'ಹಿನ್ನೆಲೆಯಲ್ಲಿ', 'ಕುರಿತಂತೆ', 'ವತಿಯಿಂದ', 'ಕಾರ್ಯ', 'ಪ್ರಕ್ರಿಯೆ', 'ಎಂಬುದಾಗಿ', ಎಲ್ಲಕ್ಕಿಂತ ಹೆಚ್ಚಾಗಿ 'ಮಾಡಲಾಯಿತು'. ಈ ತೆರನ ವಾಕ್ಯ ನೀವೂ ಓದಿರುತ್ತೀರಿ: "ಕೆರೆಯ ಹೂಳನ್ನು ತೆಗೆಯುವ ಕಾರ್ಯವನ್ನು ಕೈಗೊಳ್ಳುವ ನಿಟ್ಟಿನಲ್ಲಿ ಗ್ರಾಮಸ್ಥರ ವತಿಯಿಂದ ಮನವಿಯನ್ನು ಸಲ್ಲಿಕೆ ಮಾಡಲಾಯಿತು." ಇಲ್ಲಿ 'ನಿಟ್ಟಿನಲ್ಲಿ' ಎಂಬುದನ್ನು ಮಾತ್ರ ತೆಗೆದು 'ಸಲುವಾಗಿ' ಎಂದು ಹಾಕಿದರೆ ಏನೂ ಪ್ರಯೋಜನವಿಲ್ಲ. ಮನವಿ ಕೊಟ್ಟವರು ಯಾರು ಎಂದು ಕೇಳಿಕೊಂಡು ಅವರನ್ನು ವಾಕ್ಯದ ಕರ್ತೃವಾಗಿಸಿದರೆ ಉಳಿದದ್ದೆಲ್ಲ ತಾನಾಗಿ ಉದುರುತ್ತದೆ: "ಕೆರೆಯ ಹೂಳೆತ್ತಿಸಬೇಕೆಂದು ಗ್ರಾಮಸ್ಥರು ಮನವಿ ಕೊಟ್ಟರು." 'ಹೂಳೆತ್ತು' ಎಂಬ ಕ್ರಿಯಾಪದ ಊರಿನವರ ಬಾಯಲ್ಲಿ ಇದ್ದೇ ಇದೆ, ಅದರ ಪ್ರೇರಣಾರ್ಥಕ ರೂಪವನ್ನು ಬಳಸಿದರೆ ಕೆಲಸ ಮಾಡಬೇಕಾದವರು ಬೇರೆ, ಕೇಳುತ್ತಿರುವವರು ಬೇರೆ ಎಂಬುದೂ ಹೊಳೆಯುತ್ತದೆ.

'ಮಾಡು' ಎಂಬುದರ ಬಗ್ಗೆಯೂ ಹೇಳಬೇಕು. 'ಬಳಕೆ ಮಾಡಿದರು' ಎಂಬುದು 'ಬಳಸಿದರು' ಆಗಲಿ, 'ಆಯ್ಕೆ ಮಾಡಿದರು' ಎಂಬುದು 'ಆರಿಸಿದರು' ಆಗಲಿ, 'ಸಲ್ಲಿಕೆ ಮಾಡಿದರು' ಎಂಬುದು 'ಸಲ್ಲಿಸಿದರು' ಆಗಲಿ. ಆದರೆ 'ಊಟ ಮಾಡಿದ', 'ಸ್ನಾನ ಮಾಡಿದ', 'ಫೋನ್ ಮಾಡಿದ' ಇವುಗಳ ತಂಟೆಗೆ ಹೋಗಬಾರದು. 'ಮಾಡು' ಹೆಚ್ಚಾಯಿತೆಂದು 'ಭೋಜಿಸಿದ' ಎಂದು ತಿದ್ದಿದ ಕರಡುಗಳನ್ನು ನೋಡಿದ್ದೇನೆ. ಮಧ್ಯಾಹ್ನದ ಮುದ್ದೆ ಸಾರು ಉಂಡವನು 'ಭೋಜಿಸಿದ' ಎಂದರೆ ನಗು ಬರುತ್ತದೆ.

'ಮತ್ತು' ವಿಚಾರದಲ್ಲೂ ಹಾಗೆಯೇ. ಅದು ಹೆಚ್ಚಾಯಿತೆಂದು 'ಹಾಗೂ' ಹಾಕುವುದು, ಅದೂ ಹೆಚ್ಚಾದಾಗ 'ಜೊತೆಗೆ' ಹಾಕುವುದು ಪತ್ರಿಕಾಭಾಷೆಯ ರೂಢಿ. 'ಶಿಕ್ಷಕರೂ ಪೋಷಕರೂ ಬಂದಿದ್ದರು' ಎಂಬ ದಾರಿ ಹಳೆಯದು, ಇಂದಿಗೂ ಸವೆದಿಲ್ಲ.

ಕರ್ಮಣಿ ಪ್ರಯೋಗವನ್ನು ಪೂರ್ತಿ ಬಹಿಷ್ಕರಿಸಬೇಕೆಂದು ನಾನು ಹೇಳುತ್ತಿಲ್ಲ. ಮಾಡಿದವರು ಯಾರೆಂದು ತಿಳಿಯದಿದ್ದಾಗ ಅಥವಾ ಅದು ಮುಖ್ಯವಲ್ಲದಿದ್ದಾಗ ಅದು ನೆರವಿಗೆ ಬರುತ್ತದೆ. ಮಾಡಿದವರ ಹೆಸರನ್ನು ಮರೆಮಾಚಲೆಂದೇ ಅದನ್ನು ಬಳಸಿದ್ದರೆ ತಿದ್ದುವವರು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು.

ಉತ್ತರ (ಲೋಪಾಗಮ):

ಕಂಪ್ಯೂಟರಿನಲ್ಲಿ ಹುಡುಕುವ ಬಗ್ಗೆ ಯಾರೂ ಹೇಳದಿರುವುದರಿಂದ ಅಷ್ಟನ್ನು ಮಾತ್ರ ಸೇರಿಸುತ್ತೇನೆ. ಇಂಗ್ಲಿಷಿನಲ್ಲಿ ಒಂದು ಪದ ಕೊಟ್ಟರೆ ಅದು ಬಂದಿರುವ ಜಾಗವೆಲ್ಲ ಸಿಗುತ್ತದೆ. ಕನ್ನಡದಲ್ಲಿ 'ಒಂದು' ಎಂದು ಹುಡುಕಿದರೆ 'ಒಂದು ಚೀಲ' ಸಿಗುತ್ತದೆ, ಆದರೆ 'ಮರವೊಂದು', 'ಕಥೆಯೊಂದು', 'ಊರೊಂದು' ಸಿಗುವುದಿಲ್ಲ. ಶಾಲೆಯಲ್ಲಿ ಕಲಿತ ಆಗಮಸಂಧಿ, ಲೋಪಸಂಧಿಗಳೇ ಇದಕ್ಕೆ ಕಾರಣ. ಸಂಧಿಯಾದ ಕೂಡಲೇ 'ಒ' ಎಂಬ ಬಿಡಿ ಸ್ವರಾಕ್ಷರ ಮಾಯವಾಗಿ ಹಿಂದಿನ ವ್ಯಂಜನದ ಮೇಲೆ ಸ್ವರಚಿಹ್ನೆಯಾಗಿ ಕೂರುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ ಧ್ವನಿಯಾದರೂ ಯುನಿಕೋಡ್‌ನಲ್ಲಿ ಅವು ಬೇರೆ ಬೇರೆ ಸಂಕೇತಗಳು. ಆದ್ದರಿಂದ 'ಒಂದು' ಜೊತೆಗೆ 'ವೊಂದು', 'ಯೊಂದು' ಎಂದೂ ಹುಡುಕಬೇಕು. 'ಊರೊಂದು', 'ಕಾಡೊಂದು' ಬಗೆಯ ಲೋಪಸಂಧಿಗಳಿಗೆ 'ಂದು' ಎಂಬಷ್ಟನ್ನೇ ಕೊಡಬಹುದು, ಆದರೆ ಆಗ 'ಎಂದು', 'ಬಂದು', 'ಹೊಂದು', 'ನೊಂದು' ಎಲ್ಲವೂ ಬಲೆಗೆ ಬಿದ್ದು ಆರಿಸುವುದೇ ಕೆಲಸವಾಗುತ್ತದೆ. 'ಎಂಬುದು' ಎಂಬುದಕ್ಕೂ ಇದೇ ಪಾಡು. 'ವೆಂಬುದು', 'ಯೆಂಬುದು' ಎಂದು ಬೇರೆಯಾಗಿ ನೋಡಬೇಕು.

ಕ್ರಿಯಾಪದಗಳಲ್ಲಿ ಧಾತುವೇ ರೂಪ ಬದಲಿಸುತ್ತದೆ. 'ಬಿಡು' ಎಂಬುದಕ್ಕೆ 'ಬಿಟ್ಟ', 'ಬಿಡ' ಎಂದು ಎರಡು ಸಲ ಹುಡುಕದೆ ಗತಿಯಿಲ್ಲ. 'ಕೊಳ್ಳು' ಎಂಬುದಕ್ಕೆ 'ಕೊಂಡ', 'ಕೊಳ್ಳ' ಎರಡೂ ಬೇಕು. 'ಪೂರ್ಣ ಪದ ಮಾತ್ರ' ಎಂಬ ಆಯ್ಕೆಯನ್ನು ತೆಗೆದಿಡಿ, ಅದಿದ್ದರೆ ವಿಭಕ್ತಿ ಪ್ರತ್ಯಯ ಹತ್ತಿದ ಯಾವ ರೂಪವೂ ಸಿಗುವುದಿಲ್ಲ. 'ಎಲ್ಲವನ್ನೂ ಬದಲಿಸು' ಎಂಬ ಗುಂಡಿಯನ್ನು ಒತ್ತಲೇಬೇಡಿ; 'ತನ್ನ' ಎಂಬುದನ್ನು ಹಾಗೆ ಅಳಿಸಿದರೆ 'ಮಾತನ್ನು', 'ಹೊತ್ತನ್ನು' ಎಂಬವುಗಳ ಬಾಲವೂ ಕತ್ತರಿಸಿಹೋಗುತ್ತದೆ, ಏಕೆಂದರೆ ಕಂಪ್ಯೂಟರಿನ ಲೆಕ್ಕದಲ್ಲಿ 'ತನ್ನು' ಎಂಬುದರೊಳಗೂ 'ತನ್ನ' ಇದೆ, 'ತನ್ನನ್ನು' ಎಂಬುದಂತೂ ಬರೀ 'ನ್ನು' ಆಗಿ ಉಳಿಯುತ್ತದೆ. ಸಿಕ್ಕಿದ ಜಾಗಗಳಿಗೆಲ್ಲ ಬಣ್ಣ ಹಚ್ಚಿಸಿ, ಪುಟವನ್ನು ಚಿಕ್ಕದಾಗಿಸಿ ದೂರದಿಂದ ನೋಡಿದರೆ ಬಣ್ಣ ಎಲ್ಲಿ ಗುಂಪುಗೂಡಿದೆ ಎಂಬುದು ಗೊತ್ತಾಗುತ್ತದೆ. ತಿದ್ದುವ ಕೆಲಸವನ್ನು ಆ ಗುಂಪಿನಿಂದ ಶುರುಮಾಡಿ.

ನಿಮ್ಮ ಹಳೆಯ ಕಥೆಗಳು 'ನುಡಿ' ಅಥವಾ 'ಶ್ರೀಲಿಪಿ' ತಂತ್ರಾಂಶದ ಯುನಿಕೋಡ್ ಪೂರ್ವದ ಅಕ್ಷರಶೈಲಿಯಲ್ಲಿದ್ದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಇಲ್ಲವಾದರೆ ಯುನಿಕೋಡ್‌ನಲ್ಲಿ ಟೈಪಿಸಿದ ಪದ ಆ ಕಡತದಲ್ಲಿ ಎಲ್ಲೂ ಸಿಗುವುದಿಲ್ಲ. ಪರಿವರ್ತನೆಯ ನಂತರ ಅರ್ಕಾವೊತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಿಬಿಡಿ.

ಉತ್ತರ (ಪದಚ್ಛೇದ):

ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ: ಸಮಾನಾರ್ಥಕಗಳ ದಾರಿ ಹಿಡಿಯಬೇಡಿ. 'ಎಂದ', 'ಹೇಳಿದ' ಎಂಬವು ನೂರು ಸಲ ಬಂದರೂ ಓದುಗನ ಕಣ್ಣು ಅವುಗಳ ಮೇಲೆ ನಿಲ್ಲದೆ ಮುಂದೆ ಸಾಗುತ್ತದೆ. ಅವುಗಳ ಜಾಗದಲ್ಲಿ ಒಮ್ಮೆ 'ನುಡಿದ', ಇನ್ನೊಮ್ಮೆ 'ಉಸುರಿದ', ಮತ್ತೊಮ್ಮೆ 'ಅರುಹಿದ' ಎಂದು ಹಾಕಿದರೆ ಮಾತಿಗಿಂತ ಹೆಚ್ಚಾಗಿ ನಿಘಂಟು ಕೇಳಿಸುತ್ತದೆ. ವಸ್ತುಗಳ ಹೆಸರಿಗೂ ಇದೇ ಮಾತು ಸಲ್ಲುತ್ತದೆ. ಮೊದಲ ಸಾಲಿನಲ್ಲಿ 'ಮನೆ' ಎಂದದ್ದು ಎರಡನೆಯದರಲ್ಲಿ 'ಗೃಹ', ಮೂರನೆಯದರಲ್ಲಿ 'ನಿವಾಸ' ಆದರೆ, ಮೂರು ಕಟ್ಟಡಗಳಿವೆಯೇನೋ ಎಂಬ ಅನುಮಾನ ಬರುತ್ತದೆ.

ಪುನರುಕ್ತಿಯ ಬಗ್ಗೆ ನಮ್ಮ ಹಿಂದಿನವರು ಈಗಿನ ಕೈಪಿಡಿಗಳಿಗಿಂತ ಸೂಕ್ಷ್ಮವಾಗಿ ಯೋಚಿಸಿದ್ದರು. ಸಂಸ್ಕೃತದ ಕಾವ್ಯಮೀಮಾಂಸಕ ದಂಡಿಯ ಕಾವ್ಯಾದರ್ಶದಲ್ಲಿ ಕಾವ್ಯದೋಷಗಳನ್ನು ಹೇಳುವಾಗ 'ಏಕಾರ್ಥ' ಎಂಬುದೊಂದು ಬರುತ್ತದೆ. ಹಿಂದೆ ಹೇಳಿದ್ದನ್ನೇ ಶಬ್ದದಲ್ಲಾಗಲಿ ಅರ್ಥದಲ್ಲಾಗಲಿ ವಿಶೇಷವೇನೂ ಇಲ್ಲದೆ ಮತ್ತೆ ಹೇಳುವುದು ಅದರ ಲಕ್ಷಣ. ಆದರೆ ಅಲ್ಲಿಯೇ ಅವನು ವಿನಾಯಿತಿಯನ್ನೂ ಕೊಡುತ್ತಾನೆ. ಕನಿಕರವೇ ಮೊದಲಾದ ಭಾವದ ಅತಿಶಯವನ್ನು ಹೇಳಬೇಕಾಗಿದ್ದರೆ ಪುನರುಕ್ತಿ ದೋಷವಲ್ಲ, ಬದಲಿಗೆ ಅದೇ ಅಲಂಕಾರವಾಗುತ್ತದೆ ಎನ್ನುತ್ತಾನೆ. ಒಂಬತ್ತನೆಯ ಶತಮಾನದ ನಮ್ಮ ಕವಿರಾಜಮಾರ್ಗವೂ ದಂಡಿಯ ದಾರಿಯನ್ನು ಬಹುಮಟ್ಟಿಗೆ ಅನುಸರಿಸಿದ್ದು, ಅದರ ಮೊದಲ ಪರಿಚ್ಛೇದವೇ ದೋಷ ಮತ್ತು ಅದೋಷಗಳ ನಿರ್ಣಯಕ್ಕೆ ಮೀಸಲಾಗಿದೆ. ಯಾವುದು ದೋಷ ಎಂಬುದರ ಜೊತೆಗೇ ಯಾವುದು ದೋಷವಲ್ಲ ಎಂಬುದನ್ನೂ ಇಡುವ ಆ ಕ್ರಮ ನನಗೆ ಬಹಳ ಇಷ್ಟ.

ಬಸವಣ್ಣನವರ 'ಕಳಬೇಡ ಕೊಲಬೇಡ' ವಚನವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಅಷ್ಟು ಚಿಕ್ಕ ವಚನದಲ್ಲಿ 'ಬೇಡ' ಏಳು ಸಲ ಬರುತ್ತದೆ, ಆ ಬಳಿಕ 'ಇದೇ' ಮೂರು ಸಲ. ಪಟ್ಟಿ ಹಿಡಿದು ಅಳಿಸುವವರ ಕೈಗೆ ಸಿಕ್ಕಿದ್ದರೆ ಒಂದೇ ಒಂದು 'ಬೇಡ' ಉಳಿದು, ಅದರ ಹಿಂದೆ ಅಲ್ಪವಿರಾಮಗಳ ಸಾಲು ನಿಲ್ಲುತ್ತಿತ್ತು. ಇನ್ನೂ ಹತ್ತಿರದಿಂದ ನೋಡಿದರೆ ಆ ಏಳೂ ಒಂದೇ ಬಗೆಯವಲ್ಲ. 'ಕಳಬೇಡ', 'ಮುನಿಯಬೇಡ' ಎಂಬಲ್ಲಿ 'ಬೇಡ' ಕ್ರಿಯೆಗೆ ಅಂಟಿಕೊಂಡಿದೆ. 'ನುಡಿಯಲು ಬೇಡ', 'ಹಳಿಯಲು ಬೇಡ' ಎಂಬಲ್ಲಿ ಬಿಡಿಯಾಗಿ ನಿಂತು ಲಯವನ್ನು ತುಸು ನಿಧಾನಿಸುತ್ತದೆ. 'ಬೇಡ'ಗಳ ಒತ್ತಡ ಅಷ್ಟು ಬೆಳೆದಿರುವುದರಿಂದಲೇ 'ಇದೇ' ಎಂದು ತಿರುಗಿದಾಗ ಕಿವಿಗೆ ಬಿಡುಗಡೆ ಸಿಗುತ್ತದೆ.

ಕನ್ನಡದ ದ್ವಿರುಕ್ತಿಯನ್ನೂ ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. 'ಮನೆಮನೆಗೂ', 'ಬೇಗ ಬೇಗ', 'ಹೆಜ್ಜೆ ಹೆಜ್ಜೆಗೂ' ಎಂಬಲ್ಲಿ ಎರಡನೆಯ ಸಲ ಬಂದ ಪದ ವ್ಯಾಕರಣದ ಕೆಲಸ ಮಾಡುತ್ತಿರುತ್ತದೆ. ಅದನ್ನು ತೆಗೆದು 'ಪ್ರತಿಯೊಂದು ಮನೆಗೂ' ಎಂದು ತಿದ್ದಿದರೆ ವಾಕ್ಯ ಉದ್ದವಾದೀತೇ ಹೊರತು ಶುದ್ಧವಾಗದು.

ಮೇಲೆ ಅಚ್ಚಿನಮನೆಯವರು ತಿದ್ದಿದ ಭಾಗದ ಬಗ್ಗೆ ನನ್ನದೊಂದು ತಕರಾರಿದೆ. ಮೂಲದಲ್ಲಿದ್ದ 'ನಿಧಾನವಾಗಿ' ಎಂಬುದನ್ನು ನಾನಾದರೆ ಉಳಿಸುತ್ತಿದ್ದೆ. ಸಂಕಲನದ ಬೇರೆ ಕಡೆಗಳಲ್ಲಿ ಎಲ್ಲರೂ ನಿಧಾನವಾಗಿ ಏಳುತ್ತ, ನಿಧಾನವಾಗಿ ತಿರುಗುತ್ತ ಇರಬಹುದು, ಅವೆಲ್ಲ ಹೋಗಲಿ. ಆದರೆ ಭಯದಲ್ಲಿರುವ ಹುಡುಗ ಸದ್ದಾಗದಂತೆ ಚೀಲವನ್ನು ನೆಲಕ್ಕಿಡುವುದು ಈ ದೃಶ್ಯದ ಅತ್ಯಂತ ನಿಜವಾದ ವಿವರ.

ಮರುಪ್ರಶ್ನೆ (ಕರಡುಪ್ರತಿ):

ಎಲ್ಲರಿಗೂ ಧನ್ಯವಾದಗಳು. 'ನಿಧಾನವಾಗಿ' ಎಂಬುದು ಅಲ್ಲಿ ಉಳಿಯುತ್ತದೆ. ಚೀಲದಲ್ಲಿ ಅಂಕಪಟ್ಟಿ ಇರುವುದರಿಂದ 'ಒಂದು' ಕೂಡ ಉಳಿಯುತ್ತದೆ. ಇನ್ನೊಂದೇ ಸಂದೇಹ. ಸಂಭಾಷಣೆಗಳಲ್ಲಿ ಬರುವ 'ಅಂದರೆ', 'ಅಲ್ವಾ', 'ನೋಡಿ', 'ಏನಂತೀರಿ' ಮುಂತಾದವುಗಳಿಗೂ ಇದೇ ನಿಯಮ ಅನ್ವಯಿಸುತ್ತದೆಯೇ? ಜನ ಮಾತಾಡುವುದೇ ಹಾಗಲ್ಲವೇ?

ಉತ್ತರ (ಅಚ್ಚಿನಮನೆ):

'ನಿಧಾನವಾಗಿ' ಬಗ್ಗೆ ಪದಚ್ಛೇದ ಅವರ ಮಾತು ಒಪ್ಪತಕ್ಕದ್ದೇ, ಆದರೆ 'ಸದ್ದಾಗದಂತೆ' ಎಂದು ಅವರೇ ವಿವರಿಸುತ್ತ ಬಳಸಿದ ಪದ ಅದಕ್ಕಿಂತ ಮೇಲು, ಅದನ್ನೇ ತೆಗೆದುಕೊಳ್ಳಿ.

ಸಂಭಾಷಣೆಗೆ ಬೇರೆ ಲೆಕ್ಕ. ಜನ ಹಾಗೆ ಮಾತಾಡುತ್ತಾರೆ ನಿಜ, ಆದರೆ ಎಲ್ಲರೂ ಒಂದೇ ಪದವನ್ನು ಹಿಡಿದುಕೊಂಡು ಮಾತಾಡುವುದಿಲ್ಲ. ನಿಮ್ಮ ಕಥೆಯ ಮೇಷ್ಟ್ರು ಮಾತುಮಾತಿಗೆ 'ಏನಂತೀರಿ' ಎನ್ನುವವರಾದರೆ ಅದನ್ನು ಅವರಿಗೆ ಬರೆದುಕೊಟ್ಟು, ಉಳಿದ ಪಾತ್ರಗಳ ಬಾಯಿಂದ ಪೂರ್ತಿಯಾಗಿ ಕಸಿದುಕೊಳ್ಳಿ. ಆಮೇಲೆ ಅವರು ಮಾತಾಡಿದಾಗ 'ಎಂದರು ಮೇಷ್ಟ್ರು' ಎಂದು ಬರೆಯುವ ಅಗತ್ಯವೂ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಹಾಗೆ ಹಂಚಿಕೊಡಲು ಬಾರದ 'ಅಂದರೆ', 'ನೋಡಿ'ಗಳು ಯಾರ ಮಾತಿನಲ್ಲೂ ವಾಕ್ಯದ ಮೊದಲಿಗೆ ಬರದಂತೆ ನೋಡಿಕೊಂಡರೆ ಸಾಕು, ನಡುವೆ ಎಲ್ಲೋ ಬಂದದ್ದು ಅಷ್ಟಾಗಿ ಕಾಣುವುದಿಲ್ಲ.